ಯಾವ ವೀರರಾಜೇಂದ್ರ?

ಮಡಿಕೇರಿ ನೋಡಲು ಬಂದವರು ಕೊಡಗಿನ ಅರಸರಾದ ಇಬ್ಬರು ವೀರರಾಜೇಂದ್ರರನ್ನು ಒಬ್ಬರೇ ಮಾಡಿಬಿಡುತ್ತಾರೆ. ಬಿಡಿಸಿಕೊಳ್ಳಲು ಇಸವಿ ಸಾಕು. 1809ಕ್ಕೆ ಮುಂಚೆ ಇದ್ದರೆ ದೊಡ್ಡವೀರರಾಜೇಂದ್ರ: ವಿರಾಜಪೇಟೆ, ನಾಲ್ಕುನಾಡು ಅರಮನೆ ಎರಡೂ ಅವನದೇ. 1820ರಿಂದ 1834ರವರೆಗೆ ಚಿಕ್ಕವೀರರಾಜೇಂದ್ರ, ಕೊನೆಯ ಅರಸ. ಬ್ರಿಟಿಷರು ಪಟ್ಟದಿಂದಿಳಿಸಿದ ಮೇಲೆ ಕಾಶಿಗೆ ಹೋಗಿ, ಆಮೇಲೆ ಇಂಗ್ಲೆಂಡಿನಲ್ಲಿ ತೀರಿಕೊಂಡವನು ಇವನೇ.

ಚಿಕ್ಕವನು ದೊಡ್ಡವನ ಮಗನಲ್ಲ, ತಮ್ಮನ ಮಗ. ‘ದೊಡ್ಡ’, ‘ಚಿಕ್ಕ’ ಎಂದ ಕೂಡಲೇ ಅಪ್ಪ-ಮಗ ಎಂದುಕೊಳ್ಳುವುದರಿಂದಲೇ ವಂಶವೃಕ್ಷ ತಪ್ಪುವುದು. ನಡುವಿನ 1811–1820 ಆ ತಮ್ಮ ಲಿಂಗರಾಜೇಂದ್ರನ ಆಳ್ವಿಕೆ. ಓಂಕಾರೇಶ್ವರ ದೇವಸ್ಥಾನ ಕಟ್ಟಿಸಿದವನು ಅವನು. ಇಲ್ಲೂ ಒಂದು ಗಂಟಿದೆ ನೋಡಿ: ಅವನಪ್ಪನ ಹೆಸರೂ ಲಿಂಗರಾಜ! ಆ ಅಪ್ಪನ ಕಾಲ 1780ಕ್ಕೇ ಮುಗಿದಿತ್ತು. ಇಸವಿಯಿಲ್ಲದ ಬರಹದಲ್ಲಿ ಬರೀ ‘ಲಿಂಗರಾಜ’ ಎಂದಿದ್ದರೆ ಮಗನ ಹೆಸರು ಹುಡುಕಿ. ಮಗ ಚಿಕ್ಕವೀರನಾದರೆ ಇಮ್ಮಡಿ, ದೊಡ್ಡವೀರನಾದರೆ ಮೊದಲನೆಯವನು.

ಕೊಡವರಲ್ಲಿ ಈ ತಾಪತ್ರಯ ಕಡಿಮೆ, ಮನೆಹೆಸರು ಮುಂದಿರುತ್ತದಲ್ಲ. ಆದರೆ ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರ ಹೆಸರಿನ ಮುಂದಿನ ‘ಕೆ.’ಯೂ ಕೊಡಂದೇರವೇ. ಅಲ್ಲಿ ಮಾತ್ರ ಮನೆಹೆಸರು ನಂಬಿ ಕೂತರೆ ಕೆಲಸವಾಗದು.