ಟಿಸಿ ರಿಪೇರಿಗೆ ಬಂದೈತ್ರಿ, ಡೂ ದ ನೀಡ್‌ಫುಲ್

ಹೊಲದ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಸುಟ್ಟರೆ ನಮ್ಮ ಬಳ್ಳಾರಿ ಕಡೆ "ಟಿಸಿ ರಿಪೇರಿಗೆ ಬಂದೈತ್ರಿ" ಅಂತಾರೆ. ಕೇಳಿದವರಿಗೆ ಯಾವ ಗೊಂದಲವೂ ಇಲ್ಲ. ಕೆಟ್ಟಿದೆ, ಯಾರಾದರೂ ಬಂದು ನೋಡಬೇಕು, ಅಷ್ಟೇ. ಅದೇ ಮಾತು ಇಂಗ್ಲಿಷ್ ಅರ್ಜಿಗೆ ಇಳಿದಾಗ ಹೀಗಾಗುತ್ತದೆ: "ದಿ ಟಿಸಿ ಈಸ್ ಅಂಡರ್ ರಿಪೇರ್. ಕೈಂಡ್ಲಿ ಡೂ ದ ನೀಡ್‌ಫುಲ್ ಅಟ್ ದಿ ಅರ್ಲಿಯೆಸ್ಟ್."

ಇಂಗ್ಲಿಷಿನಲ್ಲಿ ‘ಅಂಡರ್ ರಿಪೇರ್’ ಅಂದರೆ ರಿಪೇರಿ ಕೆಲಸ ಈಗಾಗಲೇ ನಡೆಯುತ್ತಿದೆ ಎಂದರ್ಥ. ಓದಿದವರು ಲೈನ್‌ಮನ್ ಅಲ್ಲೇ ಇದ್ದಾನೆ ಅಂದುಕೊಂಡರೆ ಅವರ ತಪ್ಪಲ್ಲ. ‘ಗಾಟ್ ರಿಪೇರ್ಡ್’ ಅಂತ ಬರೆದರೆ ಇನ್ನೂ ಕೆಟ್ಟದ್ದು, ಅದು ಸರಿಯಾಯಿತು ಎಂಬ ಅರ್ಥ ಕೊಡುತ್ತದೆ. ರಿಪೇರಿ ಅನ್ನುವ ಪದ ನಮ್ಮ ಬಾಯಲ್ಲಿ ಕೆಡುವುದಕ್ಕೂ ಆಗುತ್ತದೆ, ಸರಿಮಾಡುವುದಕ್ಕೂ ಆಗುತ್ತದೆ. ಇಂಗ್ಲಿಷಿನಲ್ಲಿ ಸರಿಮಾಡುವುದಕ್ಕೆ ಮಾತ್ರ.

ಇಂಗ್ಲಿಷ್ ತಪ್ಪು ಕಂಡರೆ ಸಿಡುಕುವವರು ಬಹಳ ಮಂದಿ. ‘ಇಸ್ಕೂಲ್’ ಅಂದವರನ್ನು ಕಂಡು ನಗುವುದು, ಬೋರ್ಡಿನ ಮೇಲಿನ ಸ್ಪೆಲ್ಲಿಂಗಿನ ಫೋಟೊ ಹೊಡೆದು ಹಂಚುವುದು, ಇವೆಲ್ಲ ನಡೆಯುತ್ತಲೇ ಇವೆ. ಆ ಸಿಟ್ಟನ್ನು ತಪ್ಪು ಜಾಗದಲ್ಲಿ ಖರ್ಚು ಮಾಡುತ್ತಿದ್ದೇವೆ ಅನ್ನುವುದೇ ನನ್ನ ಮಾತು. ಉಚ್ಚಾರದಿಂದ ಯಾರ ಕೆಲಸವೂ ನಿಲ್ಲುವುದಿಲ್ಲ. ಓದುವವರ ತಲೆಗೆ ಕೆಲಸ ಹಚ್ಚಿ, ಬರೆದವರು ಕೈ ತೊಳೆದುಕೊಳ್ಳುವಂಥ ಮಾತುಗಳಿವೆಯಲ್ಲ, ಅವುಗಳ ಮೇಲೆ ಸಿಟ್ಟು ಬರಬೇಕು.

ಅವುಗಳಲ್ಲಿ ಮೊದಲನೆಯದು ‘ಡೂ ದ ನೀಡ್‌ಫುಲ್’, ಅಂದರೆ ಬೇಕಾದದ್ದು ಮಾಡಿ. ವ್ಯಾಕರಣದಲ್ಲಿ ಇದಕ್ಕೆ ದೋಷವಿಲ್ಲ. ಬ್ರಿಟನ್ನಿನ ವ್ಯಾಪಾರಿಗಳೂ ಗುಮಾಸ್ತರೂ ಒಂದು ಕಾಲಕ್ಕೆ ಧಾರಾಳವಾಗಿ ಬಳಸಿದ ಮಾತಿದು. ಅವರು ಬಿಟ್ಟರು, ನಾವು ಇಟ್ಟುಕೊಂಡೆವು. ನಿಜಾಮ 1800ರಲ್ಲಿ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ತನಕ ಇಲ್ಲಿಯ ಕಡತಗಳು ಮದ್ರಾಸಿನ ರೀತಿಯಲ್ಲೇ ನಡೆದವು. ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲೇ ಉಳಿದಿದ್ದರಿಂದ ಅಲ್ಲಿ ಕಚೇರಿಯ ಮಾತು ಮೊದಲು ಪಾರಸಿ, ಆಮೇಲೆ ಉರ್ದು. ತುಂಗಭದ್ರೆಯ ಈ ದಂಡೆಗೆ ಒಂದು ಕಚೇರಿ ಭಾಷೆ, ಆ ದಂಡೆಗೆ ಇನ್ನೊಂದು. ಇವತ್ತು ಮಾತ್ರ ಎರಡೂ ಕಡೆಯ ಅರ್ಜಿಗಳಲ್ಲಿ ‘ನೀಡ್‌ಫುಲ್’ ಒಂದೇ ತೆರನಾಗಿ ಕೂತಿದೆ.

ಹಳೆಯದು ಅನ್ನುವ ಕಾರಣಕ್ಕೆ ಅದನ್ನು ಬಿಡಬೇಕಿಲ್ಲ. ಏನು ಮಾಡಬೇಕು, ಯಾರು ಮಾಡಬೇಕು, ಯಾವಾಗಿನೊಳಗೆ ಮಾಡಬೇಕು ಎಂಬ ಮೂರನ್ನೂ ಅದು ನುಂಗಿಬಿಡುತ್ತದೆ, ಅದಕ್ಕೆ ಬಿಡಬೇಕು. ಮೇಲಿನ ಅರ್ಜಿಯನ್ನೇ ಹೀಗೆ ಬರೆದು ನೋಡಿ: "ದಿ 25 ಕೆವಿಎ ಟ್ರಾನ್ಸ್‌ಫಾರ್ಮರ್ ನಿಯರ್ ಸರ್ವೆ ನಂಬರ್ 112 ಫೇಲ್ಡ್ ಆನ್ 3 ಜೂನ್. ಸಿಕ್ಸ್ ಪಂಪ್‌ಸೆಟ್ಸ್ ಹ್ಯಾವ್ ನೋ ಸಪ್ಲೈ. ಪ್ಲೀಸ್ ರಿಪ್ಲೇಸ್ ಇಟ್ ಬೈ 6 ಜೂನ್." ಅದರ ಕೆಳಗೆ ಆರೂ ಪಂಪ್‌ಸೆಟ್ಟಿನ ಕರೆಂಟ್ ಸಂಪರ್ಕದ ಆರ್‌ಆರ್ ನಂಬರ್, ಒಂದು ಫೋನ್ ನಂಬರ್. ‘ಕೈಂಡ್ಲಿ’ ಬೇಕಾಗಲಿಲ್ಲ, ‘ಪ್ಲೀಸ್’ ಸಾಕಾಯಿತು. ಮೂರೂ ವಾಕ್ಯ ಗಿಡ್ಡ, ಆದರೆ ಓದಿದವರು ತಿರುಗಿ ಫೋನ್ ಮಾಡಿ ಕೇಳಬೇಕಾದದ್ದು ಏನೂ ಉಳಿದಿಲ್ಲ. ಸರ್ಕಾರಿ ಸೇವೆಗಳ ‘ಸಕಾಲ’ ಯೋಜನೆಯಲ್ಲಿ ಕೊಟ್ಟ ಅರ್ಜಿಯ ಬಗ್ಗೆ ಬರೆಯುವುದಾದರೆ ಸ್ವೀಕೃತಿಯ ಮೇಲಿರುವ 15 ಅಂಕಿಯ ಜಿಎಸ್‌ಸಿ ಸಂಖ್ಯೆಯನ್ನು ಮೊದಲ ಸಾಲಿನಲ್ಲೇ ಹಾಕಿ. ‘ವಿತ್ ರೆಫರೆನ್ಸ್ ಟು ದಿ ಅಬೋವ್ ಸಬ್ಜೆಕ್ಟ್’ ಎಂದು ಉದ್ದಕ್ಕೆ ಎಳೆಯುವ ಸಾಲು ಮಾಡದ ಕೆಲಸವನ್ನು ಆ ಒಂದು ಸಂಖ್ಯೆ ಮಾಡುತ್ತದೆ.

ಇಂಥ ಅರ್ಜಿಯನ್ನು ಇಂಗ್ಲಿಷಿನಲ್ಲೇ ಕೊಡಬೇಕೆಂದೇನೂ ಇಲ್ಲ. 1963ರ ರಾಜಭಾಷಾ ಕಾಯ್ದೆಯಂತೆ ಕನ್ನಡವೇ ರಾಜ್ಯದ ಆಡಳಿತ ಭಾಷೆ. ಆದರೆ ಕನ್ನಡದಲ್ಲಿ ಬರೆದ ಮಾತ್ರಕ್ಕೆ ರೋಗ ಹೋಗುವುದಿಲ್ಲ. "ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ… ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ." ಇದು ಕನ್ನಡದ ನೀಡ್‌ಫುಲ್. ಸೂಕ್ತ ಕ್ರಮ ಯಾವುದು ಅಂತ ಬರೆದವರೇ ಹೇಳದಿದ್ದರೆ ಓದುವವರು ಎಲ್ಲಿಂದ ಹುಡುಕಬೇಕು?

‘ರಿವರ್ಟ್’ ಪದದ ಮೇಲಿನ ಸಿಟ್ಟಿಗೂ ಗಟ್ಟಿ ಕಾರಣವಿದೆ. ಹಿಂದಕ್ಕೆ ತಿರುಗು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದ ಪದ. ಮೊದಲಿದ್ದ ಸ್ಥಿತಿಗೆ ಮರಳುವುದು ಅದರ ಸಾಮಾನ್ಯ ಅರ್ಥ. ನಮ್ಮಲ್ಲಿ ಉತ್ತರ ಕೊಡು ಎಂಬ ಅರ್ಥದಲ್ಲಿ ನಡೆಯುತ್ತದೆ. ಇಬ್ಬರೂ ಇಲ್ಲಿಯವರೇ ಆದರೆ ತೊಂದರೆಯಿಲ್ಲ. ಆದರೆ ತೋರಣಗಲ್ಲಿನ ಉಕ್ಕಿನ ಕೆಲಸಕ್ಕೋ ಶಕ್ತಿನಗರದ ವಿದ್ಯುತ್ ಕೆಲಸಕ್ಕೋ ಹೊರಗಿನವರ ಜೊತೆ ಡ್ರಾಯಿಂಗ್ ಹಂಚಿಕೊಳ್ಳುವವರು ಯೋಚಿಸಬೇಕು. ಮೂರನೇ ಸಲ ತಿದ್ದಿದ ಡ್ರಾಯಿಂಗ್ ಕಳಿಸಿ ‘ಪ್ಲೀಸ್ ರಿವರ್ಟ್’ ಅಂದರೆ, ಅಭಿಪ್ರಾಯ ತಿಳಿಸಿ ಅಂತಲೋ, ಎರಡನೆಯದಕ್ಕೇ ವಾಪಸ್ ಹೋಗಿ ಅಂತಲೋ? ಸಾಫ್ಟ್‌ವೇರ್ ಕೆಲಸದವರಿಗಂತೂ ರಿವರ್ಟ್ ಅಂದರೆ ಮಾಡಿದ್ದನ್ನು ರದ್ದು ಮಾಡುವುದೇ. ‘ರಿಪ್ಲೈ’ ಅನ್ನುವ ಸಣ್ಣ ಪದ ಇರುವಾಗ ಈ ಅಪಾಯ ಯಾಕೆ? ‘ರಿವರ್ಟ್ ಬ್ಯಾಕ್’ ಅಂದರೆ ಹಿಂದಕ್ಕೆ ಹಿಂದಿರುಗು ಅಂದ ಹಾಗೆ. ‘ರಿಟರ್ನ್ ಬ್ಯಾಕ್’, ‘ರಿಪೀಟ್ ಅಗೇನ್’ ಅದೇ ಜಾತಿ. ಕಿವಿಗೆ ಕಿರಿಕಿರಿ, ಕೆಲಸಕ್ಕೆ ಅಡ್ಡಿಯಿಲ್ಲ. ‘ಡಿಸ್ಕಸ್ ಅಬೌಟ್’ ಕೂಡ ಹಾಗೇ, ಅಬೌಟ್ ತೆಗೆದರೆ ಸರಿಯಾಯಿತು.

ದುಡ್ಡು ಕಳೆಯುವ ತಪ್ಪು ಇನ್ನೊಂದಿದೆ, ಅದರ ಬಗ್ಗೆ ಯಾರೂ ಸಿಡುಕುವುದಿಲ್ಲ. ‘ಬೈ’ ಮತ್ತು ‘ಟಿಲ್’. ಗಂಗಾವತಿಯ ಅಕ್ಕಿ ಗಿರಣಿಯಿಂದ ಹೊರ ರಾಜ್ಯಕ್ಕೆ ಸೋನಾ ಮಸೂರಿ ಹೋಗಬೇಕು ಅಂತಿಟ್ಟುಕೊಳ್ಳಿ. "ವಿ ವಿಲ್ ಸಪ್ಲೈ 200 ಬ್ಯಾಗ್ಸ್ ಟಿಲ್ 15 ಜುಲೈ" ಎಂದು ಬರೆದರೆ 15ರ ತನಕ ಕಳಿಸುತ್ತಲೇ ಇರುತ್ತೇವೆ ಎಂದು ಓದಿಸಿಕೊಳ್ಳುತ್ತದೆ. ದಿನಕ್ಕೆ 200 ಚೀಲವೋ ಒಟ್ಟು 200 ಚೀಲವೋ ಎಂಬ ಜಗಳಕ್ಕೆ ಅಷ್ಟೇ ಸಾಕು. ಹೇಳಬೇಕಾಗಿದ್ದದ್ದು ‘ಬೈ 15 ಜುಲೈ’. ಕನ್ನಡದಲ್ಲಿ ಕೇಳಿಕೊಂಡರೆ ತಪ್ಪುವುದೇ ಇಲ್ಲ: ‘ಒಳಗ’ ಅನ್ನುವ ಕಡೆ ಬೈ, ‘ತನಕ’ ಅನ್ನುವ ಕಡೆ ಟಿಲ್. ‘ಬೈ 15’ ಅಂದರೆ 15ನೇ ತಾರೀಖೂ ಸೇರಿತು, ‘ಬಿಫೋರ್ 15’ ಅಂದರೆ 14ಕ್ಕೇ ಮುಗಿಯಿತು. ‘ಪೇಮೆಂಟ್ ವಿದಿನ್ 15 ಡೇಸ್’ ಎಂದು ಹಾಕಿದರೆ ಬಿಲ್ಲಿನ ದಿನದಿಂದಲೋ, ಮಾಲು ಇಳಿದ ದಿನದಿಂದಲೋ ಅದನ್ನೂ ಹಾಕಿ. ತಿಂಗಳನ್ನು ಅಕ್ಷರದಲ್ಲಿ ಬರೆಯುವುದು ಒಳ್ಳೆಯದು, 05/06 ಅಂದರೆ ಅಮೆರಿಕದವರಿಗೆ ಮೇ 6.

‘ಸಿನ್ಸ್’ ಮತ್ತು ‘ಫಾರ್’ ಗೊಂದಲ ನೇರ ನಮ್ಮ ವ್ಯಾಕರಣದಿಂದ ಬಂದದ್ದು. ‘ಎರಡು ವರ್ಷದಿಂದ’, ‘2022ರಿಂದ’, ಎರಡಕ್ಕೂ ನಮ್ಮದು ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಅವಧಿಗೆ ಫಾರ್, ಶುರುವಾದ ಗಳಿಗೆಗೆ ಸಿನ್ಸ್. ಬಯೊಡೇಟಾದಲ್ಲಿ ‘ವರ್ಕಿಂಗ್ ಸಿನ್ಸ್ ಟೂ ಇಯರ್ಸ್’ ಅಂತಿದ್ದರೆ ‘ಸಿನ್ಸ್ 2022’ ಎಂಬ ಹಾಗೆ ಸೇರಿದ ವರ್ಷವನ್ನೇ ಹಾಕಿಬಿಡಿ, ಅನುಭವ ಎಷ್ಟು ಅಂತ ಓದುವವರಿಗೆ ತಾನಾಗಿಯೇ ಗೊತ್ತಾಗುತ್ತದೆ. ‘2019 ಪಾಸ್‌ಔಟ್’ ಅಂದರೆ ಹೊರದೇಶದವರಿಗೆ 2019ರಲ್ಲಿ ಮೂರ್ಛೆ ಹೋದ ಹಾಗೆ ಕೇಳಬಹುದು. ಸೇನೆಯ ತರಬೇತಿ ಮುಗಿಸುವ ‘ಪಾಸಿಂಗ್ ಔಟ್’ ಮಾತ್ರ ಸರಿಯಾದ ಹಳೇ ಬಳಕೆ. ಡಿಗ್ರಿಗೆ ‘ಗ್ರ್ಯಾಜುಯೇಟೆಡ್ ಇನ್ 2019’ ಸಾಕು. ‘ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಬೇಡ, ‘ಐ ಹ್ಯಾವ್’. ಊಟಕ್ಕೆ ಹ್ಯಾವಿಂಗ್ ನಡೆಯುತ್ತದೆ, ಮಕ್ಕಳಿಗೂ ಹೊಲಕ್ಕೂ ನಡೆಯುವುದಿಲ್ಲ.

ಹಾಗಂತ ನಮ್ಮ ಇಂಗ್ಲಿಷಿನಲ್ಲಿ ಕಂಡದ್ದನ್ನೆಲ್ಲ ಕೀಳಬಾರದು. ‘ಪ್ರಿಪೋನ್’ ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ಪೋಸ್ಟ್‌ಪೋನ್ ಇದ್ದ ಮೇಲೆ ಅದಕ್ಕೆ ಎದುರು ಮಾತು ಬೇಕಲ್ಲವೇ? ‘ಎಕ್ಸ್‌ಪೈರ್ಡ್’ ಅಂದರೆ ಔಷಧಿಗೆ ಮಾತ್ರ ಅನ್ನುವವರಿದ್ದಾರೆ. ಉಸಿರು ಬಿಡು ಎಂಬ ಲ್ಯಾಟಿನ್ ಪದ ಅದರ ಬೇರು, ಸಾಯುವುದು ಅದರ ಹಳೆಯ ಅರ್ಥಗಳಲ್ಲೊಂದು. ‘ಕಸಿನ್ ಬ್ರದರ್’ ಪರವಾಗಿ ನಾನು ಇನ್ನೂ ಗಟ್ಟಿಯಾಗಿ ನಿಲ್ಲುತ್ತೇನೆ. ದೊಡ್ಡಪ್ಪನ ಮಗ ನಮಗೆ ಅಣ್ಣನೋ ತಮ್ಮನೋ ಆಗುತ್ತಾನೆ. ಸೋದರಮಾವನ ಮಗನ ಸಂಬಂಧವೇ ಬೇರೆ, ಆ ಮನೆಗೆ ಹೆಣ್ಣು ಕೊಡುವ ತರುವ ಮಾತೂ ನಡೆಯುತ್ತದೆ. ಇಂಗ್ಲಿಷಿನ ಬರೀ ‘ಕಸಿನ್’ ಗಂಡೋ ಹೆಣ್ಣೋ ಅಂತಲೂ ಹೇಳುವುದಿಲ್ಲ. ಬ್ರದರ್ ಸೇರಿಸಿದಾಗ ಅಷ್ಟಾದರೂ ತಿಳಿಯುತ್ತದೆ.

‘ಐ ಆಮ್ ಹಿಯರ್ ಓನ್ಲಿ’ ನಮ್ಮ ‘ಇಲ್ಲೇ ಅದೀನಿ’ಯ ಏಕಾರ. ಮಾತಿನಲ್ಲಿ ಇರಲಿ. ಬರಹದಲ್ಲಿ ‘50 ಬ್ಯಾಗ್ಸ್ ಓನ್ಲಿ’ ಅಂದರೆ ಒತ್ತಿ ಹೇಳಿದ್ದೋ, ಕಡಿಮೆ ಬಂತೆಂಬ ದೂರೋ ತಿಳಿಯುವುದಿಲ್ಲ. ಚೆಕ್ಕಿನ ಮೇಲೆ ಮೊತ್ತದ ಕೊನೆಗೆ ಬರೆಯುವ ‘ಓನ್ಲಿ’ಗೆ ಮಾತ್ರ ಗಟ್ಟಿ ಕೆಲಸವಿದೆ, ಮುಂದೆ ಯಾರೂ ಏನೂ ಸೇರಿಸದಂತೆ ಬಾಗಿಲು ಹಾಕುತ್ತದೆ.

ಇನ್ನೊಂದು ‘ಐ ವಿಲ್ ಕಮ್’. ಹೊರಡುವಾಗ ‘ಹೋಗ್ತೀನಿ’ ಅನ್ನುವುದು ನಮ್ಮ ಮನೆಗಳಲ್ಲಿ ಅಶುಭ, ‘ಬರ್ತೀನ್ರಿ’ ಅನ್ನಬೇಕು. ಎದುರಿಗೆ ಚಪ್ಪಲಿ ಮೆಟ್ಟುತ್ತ ‘ಐ ವಿಲ್ ಕಮ್’ ಅಂದರೆ ಹೊರಗಿನವರಿಗೂ ಹೇಗೋ ತಿಳಿಯುತ್ತದೆ. ಫೋನಿನಲ್ಲಿ ಬೆಂಗಳೂರಿನ ಇಲ್ಲವೇ ಪುಣೆಯ ಇಂಜಿನಿಯರಿಗೆ ಹಾಗೆ ಹೇಳಿ ಇಟ್ಟರೆ ಅವರು ಗೇಟಿನ ಹತ್ತಿರ ದಾರಿ ನೋಡುತ್ತಾರೆ. ಅಲ್ಲಿ ‘ಓಕೆ, ಬೈ’ ಅನ್ನಿ. ಮನೆಯವರಿಗೆ ‘ಬರ್ತೀನ್ರಿ’ ಇದ್ದೇ ಇದೆ.