ಗುಂಡು ಲೂಪ್ ದಾಟಿತು: ಹಳಿಗಳ ಅಂತರದಲ್ಲಿ ಅಡಗಿದ್ದ ಶಕ್ತಿಯ ಲೆಕ್ಕ

ಎರಡು ಸರಳುಗಳ ಹಳಿಯ ಮೇಲೆ ಉಕ್ಕಿನ ಗುಂಡು ಉರುಳುತ್ತ ಸಾಗುವ ನನ್ನ ಗುಂಡಿನ ಓಟದ ಯಂತ್ರದಲ್ಲಿ ಲೂಪ್, ಅಂದರೆ ಹಳಿ ನೆಟ್ಟಗೆ ನಿಂತ ವೃತ್ತವಾಗಿ ಸುತ್ತುವ ಭಾಗ, ಕೊನೆಗೂ ಕೆಲಸ ಮಾಡುತ್ತಿದೆ. 300 ಮಿ.ಮೀ. ಎತ್ತರದಿಂದ ಬಿಟ್ಟ ಉಕ್ಕಿನ ಗುಂಡು 100 ಮಿ.ಮೀ. ತ್ರಿಜ್ಯದ ಲೂಪನ್ನು ಎಲ್ಲಿಯೂ ಹಳಿ ಬಿಡದೆ ಸುತ್ತಿ ಹೊರಬರುತ್ತಿದೆ. ಸರಳು ಬಗ್ಗಿಸುವುದು, ಬೆಸುಗೆ, ಆಸರೆಯ ಕಂಬಗಳು ಇವೆಲ್ಲ ಈ ಹವ್ಯಾಸದವರಿಗೆ ಕರತಲಾಮಲಕವಾದ್ದರಿಂದ ಅವುಗಳನ್ನು ಬಿಟ್ಟು, ಇಷ್ಟು ದಿನ ಕಾಡಿದ ಒಂದೇ ಸಮಸ್ಯೆಯನ್ನು ಇಲ್ಲಿ ದಾಖಲಿಸುತ್ತೇನೆ.

ಪಠ್ಯಪುಸ್ತಕದ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಘರ್ಷಣೆಯಿಲ್ಲದೆ ಜಾರುವ ವಸ್ತುವಿಗೆ ಲೂಪಿನ ತಳದಿಂದ ತ್ರಿಜ್ಯದ 2.5 ಪಟ್ಟು ಎತ್ತರ ಸಾಕು. ಅದರಲ್ಲಿ ಎರಡು ಪಟ್ಟು ನೆತ್ತಿಗೇರುವುದಕ್ಕೆ ಪ್ರಚ್ಛನ್ನ ಶಕ್ತಿಯಾಗಿ ಹೋಗುತ್ತದೆ. ಉಳಿದ ಅರ್ಧ ಪಟ್ಟು, ನೆತ್ತಿಯಲ್ಲಿ ಗುಂಡು ಹಳಿಯಿಂದ ಕಳಚಿಕೊಳ್ಳದಿರಲು ಬೇಕಾದ ಚಲನ ಶಕ್ತಿಯಾಗುತ್ತದೆ. ಸಮತಟ್ಟಾದ ದಾರಿಯಲ್ಲಿ ಉರುಳುವ ಘನ ಗುಂಡು ತನ್ನ ಚಲನ ಶಕ್ತಿಯ ಏಳರಲ್ಲಿ ಎರಡು ಪಾಲನ್ನು ತಿರುಗುವುದಕ್ಕೆ ವಿನಿಯೋಗಿಸುವುದರಿಂದ ಅದಕ್ಕೆ 2.7 ಪಟ್ಟು ಬೇಕು. ನನ್ನ ಲೂಪಿಗೆ ಇದು 270 ಮಿ.ಮೀ. ಆಗುತ್ತದೆ. ಕಪಾಟಿನ ಎರಡು ಹಲಗೆಗಳ ನಡುವೆ ನನಗೆ ಸಿಗುವುದು 300 ಮಿ.ಮೀ. ಮಾತ್ರ, ಆದರೂ ನೂರಕ್ಕೆ ಹನ್ನೊಂದರಷ್ಟು ಹೆಚ್ಚುವರಿ ಇದ್ದ ಹಾಗಾಯಿತು. ಆದರೆ ಗುಂಡು ಪ್ರತಿ ಸಲವೂ ಗಡಿಯಾರದ ಹನ್ನೊಂದರ ಜಾಗ ತಲುಪುವಷ್ಟರಲ್ಲಿ ಹಳಿ ಬಿಟ್ಟು ಮೇಜಿನ ಮೇಲೆ ಬಿದ್ದು, ಅಲ್ಲಿಂದ ಮಂಚದ ಕೆಳಗೆ ಸೇರುತ್ತಿತ್ತು. ಮಂಚದ ಕೆಳಗಿನ ಧೂಳಿನ ಬಗ್ಗೆ ಮನೆಯವರ ಬಳಿ ಈಗ ನನಗಿಂತ ವಿವರವಾದ ದಾಖಲೆಯಿದೆ.

ಮೊದಲ ಅನುಮಾನ ಸಹಜವಾಗಿಯೇ ಘರ್ಷಣೆಯ ಮೇಲೆ ಹೋಯಿತು. ಲೂಪಿನ ತಳದಲ್ಲಿ ಎರಡು ಅವಗೆಂಪು ಸಂವೇದಕಗಳನ್ನು ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ನಿಯಂತ್ರಕಕ್ಕೆ ಜೋಡಿಸಿ ವೇಗ ಅಳೆದೆ. 2.05 ಮೀಟರ್ ಬರಬೇಕಾಗಿದ್ದ ಕಡೆ ಸೆಕೆಂಡಿಗೆ 1.5 ಮೀಟರ್ ಬಂದಿತು. ವೇಗದ ವರ್ಗದಲ್ಲಿ ನೋಡಿದರೆ ಇದು ಅರ್ಧಕ್ಕೆ ಅರ್ಧ ಶಕ್ತಿ ಮಾಯವಾದಂತೆ. ನಯವಾದ ಉಕ್ಕಿನ ಮೇಲೆ ಉರುಳುವ ಉಕ್ಕು ಅಷ್ಟನ್ನು ನುಂಗುವುದು ಸಾಧ್ಯವೇ ಇಲ್ಲ. ಗೊಂದಲವನ್ನು ಹೆಚ್ಚಿಸಿದ್ದು ಬೇರಿಂಗ್ ಅಂಗಡಿಯಿಂದ ತಂದ ಹೊಸ ಗುಂಡುಗಳು. ತುಕ್ಕು ತಡೆಯುವ ಎಣ್ಣೆಯಲ್ಲಿ ಮಿಂದು ಬಂದಿದ್ದ ಅವನ್ನು ಒರೆಸದೆ ಬಿಟ್ಟಾಗ ತಳದ ವೇಗ 1.8 ಮೀಟರ್ ದಾಟಿತು. ಆದರೂ ಅವು ಲೂಪಿನಲ್ಲಿ ಬಿದ್ದವು. ಹೆಚ್ಚು ವೇಗವಾಗಿ ಬಂದ ಗುಂಡೂ ಬೀಳುವುದಾದರೆ ವೇಗ ಅಳೆಯುವ ಶ್ರಮವಾದರೂ ಏತಕ್ಕೆ ಎಂದು ಬೇಸರವಾದದ್ದು ನಿಜ.

ಅಂಗಡಿಯ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ನಾನು ಕೇಳಿದ್ದು 16 ಮಿ.ಮೀ. ಗುಂಡು, ವರ್ನಿಯರ್‌ನಲ್ಲಿ ಅಳೆದಾಗ ಸಿಕ್ಕಿದ್ದು 15.87, ಅಂದರೆ ಇಂಚಿನ ಎಂಟರಲ್ಲಿ ಐದು ಭಾಗ. "ಎರಡೂ ಒಂದೇ ಸಾರ್" ಎಂಬ ಉತ್ತರದಲ್ಲಿ ಅಂಗಡಿಯವರಿಗೆ ಕಿಂಚಿತ್ತೂ ಸಂಶಯವಿರಲಿಲ್ಲ. 3 ಮಿ.ಮೀ. ಎಂದು ಕೊಟ್ಟ ಸರಳಿನ ಕಟ್ಟಿನಲ್ಲಿ ನೇರವಾದ ಸರಳನ್ನು ಹುಡುಕುವುದು ಪ್ರತ್ಯೇಕ ಹವ್ಯಾಸವೇ ಆಗಬಹುದು.

ಉತ್ತರ ಇದ್ದದ್ದು ಘರ್ಷಣೆಯಲ್ಲಲ್ಲ, ಹಳಿಗಳ ನಡುವಿನ ಅಂತರದಲ್ಲಿ. ತಿರುವುಗಳಲ್ಲಿ ಗುಂಡು ಹೊರಗೆ ಹಾರದಿರಲಿ ಎಂದು ಹಳಿಗಳ ಕೇಂದ್ರಗಳನ್ನು 16 ಮಿ.ಮೀ. ಅಂತರದಲ್ಲಿ ಇಟ್ಟಿದ್ದೇನೆ, ಗುಂಡು ಅವುಗಳ ನಡುವೆ ಆಳವಾಗಿ ಕೂರುತ್ತದೆ. ಹಾಗೆ ಕೂತಾಗ ಅದು ಹಳಿಯನ್ನು ಮುಟ್ಟುವುದು ತನ್ನ ತಳದಲ್ಲಲ್ಲ, ಎರಡು ಪಕ್ಕಗಳಲ್ಲಿ. ತಿರುಗುವ ಅಕ್ಷದಿಂದ ಆ ಸ್ಪರ್ಶಬಿಂದುಗಳಿಗಿರುವ ದೂರ ಕೇವಲ 4.2 ಮಿ.ಮೀ.; ಗುಂಡಿನ ನಿಜವಾದ ತ್ರಿಜ್ಯವಾದರೋ 7.9 ಮಿ.ಮೀ. ಅಂದರೆ ಅಷ್ಟೇ ದೂರ ಸಾಗುವುದಕ್ಕೆ ಗುಂಡು ಸುಮಾರು ಎರಡರಷ್ಟು ಸುತ್ತು ತಿರುಗಬೇಕು, ಮತ್ತು ತಿರುಗುವಿಕೆಯ ಶಕ್ತಿ ಸುತ್ತಿನ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಮೂರೂವರೆ ಪಟ್ಟಾಗುತ್ತದೆ. ಲೆಕ್ಕ ಹಾಕಿದರೆ ಚಲನ ಶಕ್ತಿಯ ಶೇಕಡಾ 59ರಷ್ಟು ತಿರುಗುವುದರಲ್ಲೇ ಇದೆ. ಈ ಹಳಿಗೆ ಬೇಕಾದ ಎತ್ತರ 2.7 ಪಟ್ಟಲ್ಲ, 3.2 ಪಟ್ಟು: 320 ಮಿ.ಮೀ. ನನ್ನ ಕಪಾಟು ಅಲ್ಲಿಗೆ ಸೋತಂತೆಯೇ. ಎಣ್ಣೆಯ ಗುಂಡಿನ ಒಗಟೂ ಇದರೊಂದಿಗೆ ಬಿಡಿಸಿಕೊಂಡಿತು. ಅದು ಇಳಿಜಾರಿನಲ್ಲಿ ಉರುಳುವುದಕ್ಕಿಂತ ಹೆಚ್ಚಾಗಿ ಜಾರಿದ್ದರಿಂದ ವೇಗವಾಗಿ ಬಂದಿತು. ಲೂಪಿನಲ್ಲಿ ಹಳಿಯ ಮೇಲಿನ ಒತ್ತಡ ಒಮ್ಮೆಲೇ ಹೆಚ್ಚಿದಾಗ ಆ ಜಾರುವಿಕೆಯೇ ವೇಗವನ್ನು ಶಾಖವಾಗಿ ತಿಂದುಹಾಕಿತು.

ಇಲ್ಲಿ ಗೆಲಿಲಿಯೊನ ನೆನಪಾಗದಿರದು. 1638ರಲ್ಲಿ ಪ್ರಕಟವಾದ ತನ್ನ ಕೃತಿಯಲ್ಲಿ ಅವನು, ಮರದ ತೊಲೆಯಲ್ಲಿ ಕೊರೆದು ನಯವಾದ ಚರ್ಮಪತ್ರ ಅಂಟಿಸಿದ ತೋಡಿನಲ್ಲಿ ಕಂಚಿನ ಗುಂಡನ್ನು ಉರುಳಿಸಿ, ಹರಿದ ನೀರನ್ನು ತೂಗಿ ಕಾಲ ಅಳೆದದ್ದನ್ನು ವಿವರಿಸುತ್ತಾನೆ. ಅವನ ಗುಂಡಿನ ಶಕ್ತಿಯಲ್ಲೂ ಒಂದು ಪಾಲು ತಿರುಗುವಿಕೆಗೆ ಹೋಗಿತ್ತು. ಆದರೆ ಆ ಪಾಲು ಇಳಿಜಾರಿನ ಉದ್ದಕ್ಕೂ ಒಂದೇ ಪ್ರಮಾಣದಲ್ಲಿ ಇದ್ದುದರಿಂದ, ದೂರವು ಕಾಲದ ವರ್ಗದಂತೆ ಬೆಳೆಯುತ್ತದೆಂಬ ಅವನ ನಿಯಮಕ್ಕೆ ಚ್ಯುತಿ ಬರಲಿಲ್ಲ. ನನ್ನಂತೆ ಲೂಪ್ ಕಟ್ಟಲು ಹೋಗಿದ್ದರೆ ಆ ಪಾಲು ಅವನನ್ನೂ ಕಾಡುತ್ತಿತ್ತು.

ಮುಖ್ಯವಾದ ಸಂಗತಿಯೆಂದರೆ ತಿರುಗುವಿಕೆಗೆ ಹೋದ ಶಕ್ತಿ ಖರ್ಚಾದ ಹಣವಲ್ಲ, ಠೇವಣಿ. ಅದನ್ನು ಮರಳಿ ಪಡೆಯಬಹುದು. ಲೂಪಿಗೆ ಮುಂಚಿನ ಸಮತಲದಲ್ಲಿ ಹಳಿಗಳನ್ನು ಕ್ರಮೇಣ 16ರಿಂದ 8 ಮಿ.ಮೀ. ಅಂತರಕ್ಕೆ ತಂದರೆ, ಗುಂಡು ತನ್ನ ತಳದ ಹತ್ತಿರ ಹಳಿಯನ್ನು ಮುಟ್ಟತೊಡಗುತ್ತದೆ. ಸುತ್ತು ಕಡಿಮೆಯಾಗಿ ಸಾಗುವ ವೇಗ ಹೆಚ್ಚುತ್ತದೆ. ಆಗ ಗುಂಡಿನ ಕೇಂದ್ರ 3.5 ಮಿ.ಮೀ.ನಷ್ಟು ಮೇಲಕ್ಕೂ ಏರುತ್ತದೆ. ಇಳಿಜಾರಿಲ್ಲದ ಕಡೆ, ಅದೂ ತುಸು ಮೇಲೇರುತ್ತಲೇ ಗುಂಡು ವೇಗ ಹೆಚ್ಚಿಸಿಕೊಳ್ಳುವುದನ್ನು ನೋಡಿದವರು ಹಳಿಯ ಕೆಳಗೆ ಅಯಸ್ಕಾಂತ ಹುಡುಕುತ್ತಾರೆ. ಲೆಕ್ಕದ ಪ್ರಕಾರ 1.56 ಮೀಟರಿನ ವೇಗ 1.98 ಆಗಬೇಕು, ಸಂವೇದಕ ತೋರಿಸುತ್ತಿರುವುದು 1.85. ಬೇಕಾದ ಎತ್ತರ 278 ಮಿ.ಮೀ.ಗೆ ಇಳಿಯಿತು.

ಈ ಕಿರಿದಾಗುವಿಕೆ ಸಾವಕಾಶವಾಗಿಯೇ ಆಗಬೇಕು. 10 ಸೆಂ.ಮೀ. ಉದ್ದದಲ್ಲಿ ಮುಗಿಸಿದಾಗ ಗುಂಡು ಕಿರ್ರೆಂದು ಜಾರಿತು. ಅಷ್ಟು ಬೇಗ ಸುತ್ತನ್ನು ಸಾಗುವ ವೇಗವಾಗಿ ಬದಲಿಸಲು ಗುರುತ್ವದ ಮುಕ್ಕಾಲು ಪಾಲಿನಷ್ಟು ವೇಗೋತ್ಕರ್ಷ ಬೇಕು, ಅದನ್ನು ಒದಗಿಸುವಷ್ಟು ಹಿಡಿತ ಉಕ್ಕಿನ ಮೇಲೆ ಉಕ್ಕಿಗಿಲ್ಲ. 40 ಸೆಂ.ಮೀ.ಗೆ ಎಳೆದಾಗ ಐದನೇ ಒಂದು ಪಾಲು ಸಾಕಾಯಿತು. ಗುಂಡನ್ನೂ ಹಳಿಯನ್ನೂ ಆಲ್ಕೊಹಾಲ್‌ನಿಂದ ಒರೆಸುವುದು ಕಡ್ಡಾಯ. ಹಳಿ ಕಿರಿದಾದರೆ ಗುಂಡು ಪಕ್ಕಕ್ಕೆ ಸರಿಯುವ ಭಯವಿರುವುದರಿಂದ ಲೂಪಿನ ಎರಡೂ ಬದಿಗೆ ಒಂದೊಂದು ಕಾವಲು ಸರಳು ಸೇರಿಸಿದ್ದೇನೆ.

ಮುಂದಿನ ಲೂಪ್ ವೃತ್ತಾಕಾರದ್ದಾಗಿರುವುದಿಲ್ಲ. ಜಾರುವ ವಸ್ತು ಕನಿಷ್ಠ ಎತ್ತರದಿಂದ ಬಂದರೂ ವೃತ್ತದ ತಳದಲ್ಲಿ ಹಳಿಯನ್ನು ತನ್ನ ತೂಕದ ಆರು ಪಟ್ಟು ಬಲದಿಂದ ಒತ್ತುತ್ತದೆ. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ಜನರನ್ನು ಕೂರಿಸಿ ಸುತ್ತಿಸಿದ ಫ್ಲಿಪ್ ಫ್ಲ್ಯಾಪ್ ಎಂಬ ರೋಲರ್ ಕೋಸ್ಟರ್‌ನ ವೃತ್ತಾಕಾರದ ಲೂಪ್ ಕತ್ತು ಉಳುಕಿಸುವುದಕ್ಕೇ ಹೆಸರಾಯಿತು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಮನರಂಜನಾ ಉದ್ಯಾನದಲ್ಲಿ ಜರ್ಮನ್ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ರೂಪಿಸಿದ, ತಳದಲ್ಲಿ ಅಗಲವಾಗಿ ನೆತ್ತಿಯಲ್ಲಿ ಬಿಗಿಯಾಗುವ ಹನಿಯಾಕಾರದ ಲೂಪ್ ಆ ಕಷ್ಟವನ್ನು ನೀಗಿತು. ನನ್ನ ಗುಂಡಿಗೆ ಕತ್ತಿಲ್ಲವಾದರೂ ಬೆಸುಗೆಗಳಿಗೆ ಆಯಸ್ಸಿದೆ. ಗುಂಡುಗಳನ್ನು ಮೇಲಕ್ಕೆತ್ತುವ ತಿರುಪಿನ ಮೋಟಾರಿನ ಚಿಂತೆಯೂ ಇಲ್ಲ: 16 ಗ್ರಾಂ ಗುಂಡನ್ನು 300 ಮಿ.ಮೀ. ಎತ್ತಲು 48 ಮಿಲಿಜೌಲ್ ಸಾಕಾದ್ದರಿಂದ, ಐದು ಸೆಕೆಂಡಿಗೊಂದು ಗುಂಡು ಎತ್ತುವ ಕೆಲಸಕ್ಕೆ ಆಟಿಕೆಯ ಮೋಟಾರೇ ದೈತ್ಯ.

ಸದ್ಯಕ್ಕೆ ಕೈಯಲ್ಲಿರುವುದು ನಿರ್ಗಮನದ ಹಳಿ. ಅಲ್ಲಿ ಅಂತರವನ್ನು ತಿರುಗಿ 18 ಮಿ.ಮೀ.ಗೆ ಅಗಲಿಸಿದರೆ ವೇಗವು ತಿರುಗುವಿಕೆಯೊಳಗೆ ಸೇರಿಕೊಂಡು, ಗುಂಡು ಸೆಕೆಂಡಿಗೆ ಸುಮಾರು ಒಂದು ಮೀಟರಿಗೆ ಇಳಿಯುತ್ತದೆ. ಯಾವ ತಡೆಯನ್ನೂ ಬಡಿಯದೆ ತಿರುಪಿನ ಬಾಯಿಗೆ ಹೋಗಬಹುದು. ತೊಡಕೆಂದರೆ, 18.9 ಮಿ.ಮೀ. ಆದೊಡನೆ ಈ ಎಂಟರಲ್ಲಿ ಐದು ಇಂಚಿನ ಗುಂಡು ಹಳಿಗಳ ನಡುವಿನಿಂದ ಕೆಳಗೆ ಬೀಳುತ್ತದೆ. ಉಳಿದಿರುವ 0.9 ಮಿ.ಮೀ. ಅವಕಾಶದಲ್ಲಿ ಅಂಗಡಿಯವರ ಸೊಟ್ಟ ಸರಳನ್ನು ಹಿಡಿದಿಡಲು ಈ ವಾರ ಅಲ್ಯೂಮಿನಿಯಂ ಪಟ್ಟಿಯಲ್ಲಿ ಒಂದು ಅಳತೆಯ ಅಚ್ಚು ಕೊರೆಯುತ್ತಿದ್ದೇನೆ.