ಒರಗಿ ತುಳಿಯೋ ಸೈಕಲ್ಲು, ನನ್ನ ಬಜೆಟ್ಟು

ಸೊಂಟನೋವಿಗೆ ರಿಕಂಬೆಂಟ್ ಸೈಕಲ್ ಆರಾಮ ಅಂತ ಯಾರೋ ಹೇಳಿದ್ದೇ ತಡ, ತಲೆಯಲ್ಲಿ ಅದೇ ಸುತ್ತುತ್ತಿದೆ. ಆರಾಮಕುರ್ಚಿಯಲ್ಲಿ ಒರಗಿದ ಹಾಗೆ ಕೂತು, ಕಾಲು ಮುಂದೆ ಚಾಚಿ ತುಳಿಯೋದು. ಹೊರದೇಶದಿಂದ ಹೊಸದು ತರಿಸಿದರೆ ಲಕ್ಷದ ಮಾತು, ಸಾಗಣೆ, ಸುಂಕ ಬೇರೆ. ನನ್ನ ಹತ್ತಿರ ಅದರ ಕಾಲುಭಾಗವೂ ಇಲ್ಲ. ಉಳಿದಿದ್ದು ಸೆಕೆಂಡ್ ಹ್ಯಾಂಡ್, ಇಲ್ಲವೇ ಎರಡು ಹಳೆ ಫ್ರೇಮ್ ಕೊಯ್ದು ವೆಲ್ಡಿಂಗ್ ಮಾಡಿಸೋದು.

ಮೂರು ಗಾಲಿಯದಕ್ಕೆ ಬ್ಯಾಲೆನ್ಸ್ ಚಿಂತೆ ಇಲ್ಲ, ನಿಜ. ಆದರೆ ಭಾರ ಜಾಸ್ತಿ, ರೇಟೂ ಜಾಸ್ತಿ, ಮತ್ತೆ ಅಷ್ಟು ಕೆಳಗೆ ಕೂತರೆ ನವನಗರದ ಹತ್ತಿರ ಲಾರಿಯವರಿಗೆ ನಾನು ಕಾಣಬೇಕಲ್ವಾ? ಎರಡು ಗಾಲಿಯ ಉದ್ದನೆಯದೇ ಸರಿ, ಕಲಿಯೋದೂ ಸುಲಭವಂತೆ. ಚೈನ್ ಮಾತ್ರ ಮಾಮೂಲಿಯವು ಎರಡು ಮೂರು ಜೋಡಿಸಬೇಕು. ಮುಂದಿನ ಗಾಲಿ 20 ಇಂಚಿನದು, ಅದರಲ್ಲೂ ಟೈರಿನ ಮೇಲೆ 406 (ಟೈರು ಕೂರೋ ರಿಮ್ಮಿನ ಅಡ್ಡಳತೆ, ಮಿ.ಮೀ.ನಲ್ಲಿ) ಅಂತ ಇರಬೇಕು, ಯಾಕಂದರೆ 20 ಇಂಚು ಅನ್ನುತ್ತಲೇ 451 ಅಳತೆಯದನ್ನೂ ಮಾರುತ್ತಾರೆ, ಅದು ಇಲ್ಲಿ ಸಿಗೋದು ಕಷ್ಟ. ದುಡ್ಡು ಸುರಿಯೋದಾದರೆ ಗೇರಿಗೆ. ಧಾರವಾಡದ ಏರಿನಲ್ಲಿ ಇದರ ಮೇಲೆ ಎದ್ದು ನಿಂತು ತುಳಿಯೋಕಾಗಲ್ಲ.

1933ರಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಫೋರ್ ಇಂಥದ್ದರ ಮೇಲೆ ಒಂದು ಗಂಟೆಯಲ್ಲಿ 45 ಕಿ.ಮೀ. ದಾಟಿದ. ಮರುವರ್ಷವೇ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಇದನ್ನು ಹೊರಗಿಟ್ಟಿತು. ಇಡದಿದ್ದರೆ ಇವತ್ತು ಹುಬ್ಬಳ್ಳಿ ಅಂಗಡಿಯಲ್ಲೂ ಅಗ್ಗಕ್ಕೆ ಸಿಗುತ್ತಿತ್ತೇನೋ, ಸುಮ್ನೆ ಹೊಟ್ಟೆಕಿಚ್ಚು.

ವೆಲ್ಡಿಂಗ್ ಅಣ್ಣನಿಗೆ ಚಿತ್ರ ತೋರಿಸಿದೆ. "ಮಾಡೋಣ ಬಿಡ್ರಿ ಸರ, ಆದ್ರ ಮೊದಲ ನೀವ ಕುಂತ ಓಡಸ್ಬೇಕ್ ನೋಡ್ರಿ" ಅಂದ.